ಒಮ್ನಿ ಎಂಜಿನ್ನೇ ಮೊದಲು ತರಬೇಕಿತ್ತು

ಸ್ವಂತಕ್ಕೆ ಕಟ್ಟಿಕೊಳ್ಳುವ ಪುಟ್ಟ ಗಾಡಿಗೆ, ಅಂದರೆ ಬಗ್ಗಿಗೆ, ಯಾವ ಎಂಜಿನ್ನು ಹಾಕಬೇಕು ಅಂತ ಕೇಳಿದರೆ ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಾರುತಿ ಒಮ್ನಿ ವ್ಯಾನಿನ ಎಂಜಿನ್ನಿಗೆ. ಆದರೆ ದುಡ್ಡು ಕೊಟ್ಟು ಮೊದಲು ತಂದದ್ದು ಮಾರುತಿ 800ರದು.

ನನ್ನದು ಎರಡು ಸೀಟಿನ ಗಾಡಿ. ಚಾಸಿ, ಅಂದರೆ ಗಾಡಿಯ ಅಸ್ಥಿಪಂಜರ, ಚೌಕ ಪೈಪಿನದು, ಮಂಡ್ಯದಲ್ಲಿ ಟ್ರಾಕ್ಟರ್ ಟ್ರೇಲರ್ ಕಟ್ಟುವವರ ಹತ್ತಿರ ವೆಲ್ಡಿಂಗ್ ಮಾಡಿಸಿದ್ದು. ಎಂಜಿನ್ನು ಸೀಟಿನ ಹಿಂದೆ ಇರಲಿ ಅಂತ ಆಸೆ. 800ರಲ್ಲಿ ಎಂಜಿನ್ನು, ಗೇರ್‌ಬಾಕ್ಸು, ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರು) ಮೂರೂ ಅಡ್ಡಡ್ಡ ಒಂದೇ ಗಂಟು. ಆ ಗಂಟನ್ನು ಎತ್ತಿ ಹಿಂದಿಟ್ಟರೆ ಮುಗೀತು ಅಲ್ವಾ?

ಮುಗಿಯಲಿಲ್ಲ. ಕಾರಿನಲ್ಲಿ ಗೇರ್ ರಾಡು ಎಂಜಿನ್ ಕಡೆಯಿಂದ ಹಿಂದಕ್ಕೆ, ಡ್ರೈವರ್ ಹತ್ತಿರ ಬರುತ್ತದೆ. ನನ್ನ ಗಾಡಿಯಲ್ಲಿ ಡ್ರೈವರ್ರೇ ಎಂಜಿನ್ನಿನ ಮುಂದೆ, ರಾಡು ಬಾಲದ ಕಡೆ. ಇಡೀ ಸೆಟ್ಟನ್ನೇ ತಿರುಗಿಸೋಣ ಅಂದೆ. ವೆಲ್ಡಿಂಗ್ ಮಾಡುವವನು ನಕ್ಕ. "ಹಂಗ್ ಮಾಡುದ್ರೆ ಮುಂದಕ್ ಒಂದೇ ಗೇರು, ಹಿಂದಕ್ ನಾಕು ಕಣಣ್ಣೋ." ಅದೂ ನಿಜವೇ. ಚಕ್ರ ಉಲ್ಟಾ ಸುತ್ತುತ್ತದೆ.

ಕೊನೆಗೆ ರಾಡನ್ನು ಗೇರ್‌ಬಾಕ್ಸಿನ ಪಕ್ಕದಿಂದ ಬಳಸಿ ಮುಂದಕ್ಕೆ ತಂದೆವು. ನಾಲ್ಕು ಕೀಲು ಬೇಕಾಯಿತು. ಒಂದೊಂದರಲ್ಲೂ ಕೂದಲೆಳೆಯಷ್ಟು ಸಡಿಲ, ಲಿವರ್ ತುದಿಗೆ ಬರುವಷ್ಟರಲ್ಲಿ ನಾಲ್ಕು ಬೆರಳಿನ ಅಲ್ಲಾಟ. ಎರಡನೇ ಗೇರು ಹುಡುಕಿದರೆ ನಾಲ್ಕನೆಯದು ಸಿಗುತ್ತಿತ್ತು. ಕೀಲಿನೊಳಗಿನ ಬುಷ್ ಬದಲಿಸಿದೆ. ರಾಡಿನ ಬದಲು ಕ್ಲಚ್ ಕೇಬಲ್ ಕಟ್ಟಿ ನೋಡಿದೆ, ಅದು ಎಳೆಯುತ್ತದೆ, ತಳ್ಳುವುದಿಲ್ಲ. ಇಷ್ಟಕ್ಕೇ ನಾಲ್ಕು ತಿಂಗಳು ಹೋಯಿತು. ತಪ್ಪು ಎಂಜಿನ್ನಿನದಲ್ಲ, ಅದನ್ನು ತಪ್ಪು ಜಾಗದಲ್ಲಿ ಕೂರಿಸಿದ ನನ್ನದು.

ಒಮ್ನಿಯದ್ದೂ ಅದೇ 796 ಸಿಸಿ, ಅದೇ ಮೂರು ಸಿಲಿಂಡರು. ಆದರೆ ಉದ್ದುದ್ದ ಕೂತಿರುತ್ತದೆ. ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟು ಹಿಂದಿನ ಆಕ್ಸಲ್‌ಗೆ ಹೋಗುತ್ತದೆ. ಹಿಂದೆ ಇಡುವ ಆಸೆ ಬಿಟ್ಟು ಮುಂದೆ ಇಟ್ಟೆ. ಗೇರ್‌ಬಾಕ್ಸು ನನ್ನ ಎಡಮೊಣಕಾಲಿನ ಪಕ್ಕಕ್ಕೇ ಬಂತು, ಲಿಂಕು ಗೇಣುದ್ದ. ಶಾಫ್ಟ್ ಕತ್ತರಿಸಿ ಗಿಡ್ಡ ಮಾಡಿಸಬೇಕಾಯಿತು, ಅಷ್ಟೇ. ಆಮೇಲೆ ಅದು ನಡುಗದೆ ಸುತ್ತುವಂತೆ ತೂಕ ಸರಿಮಾಡಿಸುವ ಬ್ಯಾಲೆನ್ಸಿಂಗ್ ಮಾತ್ರ ಬಿಡಬೇಡಿ. ಮೊದಲ ದಿನ ನಾನು ಹಾಗೇ ಓಡಿಸಿದೆ, ಮೂವತ್ತರ ಸ್ಪೀಡಿಗೇ ಹಲ್ಲು ಕಟಕಟ ಅನ್ನುತ್ತಿತ್ತು. ಮಾರನೇ ದಿನವೇ ಮೈಸೂರಿಗೆ ಹೊತ್ತುಕೊಂಡು ಹೋದೆ.

"ಯೆಜ್ಡಿ ಹಾಕೋ, ನಮ್ಮ ಮೈಸೂರಿನದು" ಅಂತ ಮಾವನ ಒತ್ತಾಯ. ಫ್ಯಾಕ್ಟರಿ 1996ರಲ್ಲಿ ಮುಚ್ಚಿದರೂ ಅವರ ಪ್ರೀತಿ ಕಮ್ಮಿಯಾಗಿಲ್ಲ. ಗೆಳೆಯನ ಬಗ್ಗಿಯಲ್ಲಿ ಆ 250 ಸಿಸಿ ಎಂಜಿನ್ನು ಓಡಿಸಿದ್ದೇನೆ. ಸದ್ದು ಸೊಗಸು. ಆದರೆ ಬೈಕಿನ ಎಂಜಿನ್ನಿಗೆ ರಿವರ್ಸ್ ಎಲ್ಲಿ? ಗದ್ದೆ ಬದುವಿಗೆ ಮೂತಿ ತಾಗಿದರೆ ಇಳಿದು ತಳ್ಳಬೇಕು. ಗಾಳಿಗೆ ತಣ್ಣಗಾಗುವ ಎಂಜಿನ್ ಬೇರೆ, ಸೀಟಿನ ಹಿಂದೆ ಗಾಳಿ ಆಡುವುದಿಲ್ಲ.

ಮಾರುತಿ ಜಿಪ್ಸಿ ಜೀಪಿನ 1.3 ಲೀಟರ್ ಎಂಜಿನ್ನು ಪವರೂ ಜಾಸ್ತಿ, ದುಡ್ಡೂ ಜಾಸ್ತಿ. ನನ್ನ ಲೆಕ್ಕ ನಲವತ್ತು ಸಾವಿರ ದಾಟುವಂತಿರಲಿಲ್ಲ.

ಅಷ್ಟು ಪವರ್ ಇಟ್ಟುಕೊಂಡು ಮಾಡುವುದಾದರೂ ಏನು? ನಂಬರ್ ಪ್ಲೇಟ್ ಇಲ್ಲದ ಗಾಡಿ, ನಮ್ಮ ತೆಂಗಿನ ತೋಟದ ಬೇಲಿ ದಾಟುವುದಿಲ್ಲ. ಭಾನುವಾರ ಎರಡು ಸುತ್ತು, ವಾಪಸ್ ಬರುವಾಗ ಪಕ್ಕದ ಸೀಟಿನಲ್ಲಿ ಹತ್ತು ಎಳನೀರು.

800ರ ಎಂಜಿನ್ನು ಪಂಪ್‌ಹೌಸಿನಲ್ಲಿ ಗೋಣಿಚೀಲ ಹೊದ್ದು ಕೂತಿದೆ. ಪಿಸ್ಟನ್, ಗ್ಯಾಸ್ಕೆಟ್ ಇದಕ್ಕೂ ಆಗುತ್ತದಲ್ಲ, ಅದಕ್ಕೇ ಮಾರಿಲ್ಲ. ಗೇರ್ ರಾಡನ್ನು ಮಾತ್ರ ಗುಜರಿಗೆ ಹಾಕಿದೆ.