ಕೋ-ಆಕ್ಸಿಯಲ್, ಕಾಂಪೊನೆಂಟ್, ಓವಲ್: ಮೂರನ್ನೂ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಾದಾ ಕೋ-ಆಕ್ಸಿಯಲ್‌ಗೆ. ಅಂದರೆ ಬೇಸ್, ಅಂದರೆ ದಪ್ಪ ಸದ್ದು, ಕೊಡುವ ವೂಫರ್‌ನ ನಡುವೆಯೇ ತೆಳು ದನಿಯ ಪುಟ್ಟ ಟ್ವೀಟರ್ ಕೂತಿರುವ ಒಂದೇ ತುಂಡಿನ ಕಾರ್ ಸ್ಪೀಕರ್. ಅದಕ್ಕಿಂತ ಮುಂಚೆ ಎರಡು ಪಟ್ಟು ದುಡ್ಡು ಕೊಟ್ಟು ಕಾಂಪೊನೆಂಟ್ ಸೆಟ್ ತಂದು, ಒಂದು ತಿಂಗಳು ಒದ್ದಾಡಿ, ಬಿಚ್ಚಿ ತಮ್ಮನಿಗೆ ಕೊಟ್ಟಿದ್ದೇನೆ. ಹಾಗಾಗಿ ನಾನು ಯಾವ ಪಕ್ಷವೂ ಅಲ್ಲ ಅಂತ ನಟಿಸುವುದಿಲ್ಲ.

ಕಾರಿನ ಜೊತೆ ಬಂದಿದ್ದ ಸ್ಪೀಕರ್‌ನ ಕೋನ್ (ಅದುರಿ ಸದ್ದು ಮಾಡುವ ಬಟ್ಟಲಿನಂಥ ಭಾಗ) ಹರಿದು, ಸ್ವಲ್ಪ ಸೌಂಡ್ ಏರಿಸಿದರೂ ಗೊರಗೊರ ಅನ್ನುತ್ತಿತ್ತು. ಸ್ಟೀರಿಯೋ ಬದಲಿಸುವ ಯೋಚನೆ ಇರಲಿಲ್ಲ, ಆಂಪ್‌ಗೆ, ಅಂದರೆ ಸ್ಪೀಕರ್‌ಗೆ ಹೆಚ್ಚು ಪವರ್ ಕೊಡುವ ಆಂಪ್ಲಿಫೈಯರ್‌ಗೆ, ದುಡ್ಡೂ ಇರಲಿಲ್ಲ. ಇದನ್ನು ನೆನಪಿಟ್ಟುಕೊಂಡೇ ಮುಂದೆ ಓದಿ. ಆಂಪ್ ಇದ್ದವರ ಲೆಕ್ಕವೇ ಬೇರೆ.

ಕಾಂಪೊನೆಂಟ್‌ನಲ್ಲಿ ಟ್ವೀಟರ್ ಬೇರೆ, ವೂಫರ್ ಬೇರೆ, ಇಬ್ಬರಿಗೂ ಸೌಂಡ್ ಹಂಚುವ ಕ್ರಾಸ್‌ಓವರ್ ಡಬ್ಬಿ ಬೇರೆ. ಅದರ ಒಳ್ಳೆಯ ಗುಣವನ್ನು ಮುಚ್ಚಿಡುವುದಿಲ್ಲ. ಟ್ವೀಟರನ್ನು ಸೈಡ್ ಮಿರರ್ ಹತ್ತಿರದ ಮೂಲೆಯಲ್ಲಿ ಕೂರಿಸಿದಾಗ, ಹಾಡುವವರು ಡ್ಯಾಶ್‌ಬೋರ್ಡ್ ಮೇಲೆ ಕೂತು ಹಾಡಿದ ಹಾಗಿತ್ತು. ಕೋ-ಆಕ್ಸಿಯಲ್‌ನಲ್ಲಿ ಅದೇ ದನಿ ಮೊಣಕಾಲಿನ ಹತ್ತಿರದಿಂದ ಬರುತ್ತದೆ. ಈ ಒಂದು ವಿಷಯದಲ್ಲಿ ಕಾಂಪೊನೆಂಟ್‌ಗೆ ಸಾಟಿ ಇಲ್ಲ.

ಆದರೆ ಗಾಜು! ಹಾಕಿಸಿದ ಮಾರನೇ ದಿನ ಯಾರೋ ದಾರಿ ಕೇಳಿದರು. ಕಿಟಕಿ ಇಳಿಸಿದೆ. ಟಕ್ ಅಂತ ಸದ್ದು, ಗಾಜು ಇನ್ನೂ ನಾಲ್ಕು ಬೆರಳು ಇರುವಾಗಲೇ ನಿಂತುಬಿಟ್ಟಿತು. ಡೋರ್ ಪ್ಯಾಡ್ ಬಿಚ್ಚಿ ನೋಡಿದರೆ ಗಾಜಿನ ಕೆಳ ಅಂಚು ವೂಫರ್‌ನ ಆಯಸ್ಕಾಂತದ ಮೇಲೆ ಬಂದು ಕೂತಿದೆ. ಸೆಟ್‌ನ ಆಳ 70 ಮಿ.ಮೀ., ನನ್ನ ಡೋರ್‌ನಲ್ಲಿ ಗಾಜಿನವರೆಗೆ ಇದ್ದ ಜಾಗ 55. ಸ್ಪೀಕರ್ ಅಗಲ 6.5 ಇಂಚು ಅಂತ ನೋಡಿ ತಂದಿದ್ದೆ, ಆಳ ನೋಡಿರಲಿಲ್ಲ. ಅಂಗಡಿಯವರೂ ಕೇಳಲಿಲ್ಲ.

ಇದಕ್ಕೆ ಮದ್ದು ಸ್ಪೇಸರ್ ರಿಂಗ್. ಸ್ಪೀಕರ್ ಮತ್ತು ಡೋರ್ ತಗಡಿನ ನಡುವೆ ಒಂದು ಬಳೆ ಇಟ್ಟು ಸ್ಪೀಕರನ್ನು ಹೊರಗೆ ತರುವುದು. 18 ಮಿ.ಮೀ. ದಪ್ಪದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ರಿಂಗ್ ಹಾಕಿದೆವು. ಗಾಜು ಬಿಡುಗಡೆಯಾಯಿತು, ಆದರೆ ಈಗ ಸ್ಪೀಕರ್ ಮುಂದಕ್ಕೆ ಬಂದು ಡೋರ್ ಪ್ಯಾಡ್ ಸರಿಯಾಗಿ ಕೂರುತ್ತಿಲ್ಲ. ಒತ್ತಿ ಕೂರಿಸಲು ಹೋಗಿ ಎರಡು ಕ್ಲಿಪ್ ಮುರಿದವು. ಆಮೇಲೆ ಶುರುವಾಗಿದ್ದು ಕಿರಿಕಿರಿ. ಬೇಸ್ ಬಂದಾಗಲೆಲ್ಲ ಝರ್ರ್ ಅಂತ. ಸ್ಪೀಕರೇ ಹೋಯಿತು ಅಂದುಕೊಂಡಿದ್ದೆ. ಒಂದು ದಿನ ಓಡಿಸುವಾಗ ಮೊಣಕಾಲು ಪ್ಯಾಡ್‌ಗೆ ತಾಗಿತು, ಸದ್ದು ನಿಂತಿತು. ತೆಗೆದೆ, ಮತ್ತೆ ಝರ್ರ್. ಎರಡು ವಾರ ಕಾಲನ್ನು ಡೋರ್‌ಗೆ ಒತ್ತಿಕೊಂಡೇ ಕಾರು ಓಡಿಸಿದ್ದೇನೆ ಅಂದರೆ ನಂಬುತ್ತೀರಾ?

ಅಷ್ಟರಲ್ಲಿ ಮಳೆ. ಗಾಜಿನ ಪಕ್ಕದಿಂದ ನೀರು ಡೋರ್ ಒಳಗೆ ಇಳಿಯುವುದು ಸಹಜ, ಅದಕ್ಕೇ ತಳದಲ್ಲಿ ತೂತುಗಳಿರುತ್ತವೆ. ಬಣ್ಣ ಬಳಿಯದ ಎಂಡಿಎಫ್ ಆ ನೀರು ಕುಡಿದು ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಉಬ್ಬಿತು. ರಿಂಗ್ ಹಾಕಲೇಬೇಕು ಅಂದರೆ ಪ್ಲಾಸ್ಟಿಕ್‌ನದ್ದು ಹಾಕಿ.

ಈಗಿರುವ ಕೋ-ಆಕ್ಸಿಯಲ್‌ನ ಆಳ 46 ಮಿ.ಮೀ. ರಿಂಗ್ ಬೇಡ, ಕ್ರಾಸ್‌ಓವರ್ ಡಬ್ಬಿಗೆ ಜಾಗ ಹುಡುಕಬೇಕಿಲ್ಲ. ಹೊಂದುವ ಕನೆಕ್ಟರ್ ಸಿಕ್ಕಿದ್ದರಿಂದ ಕಂಪನಿ ವೈರ್ ಕತ್ತರಿಸಲೂ ಇಲ್ಲ.

ಸೌಂಡ್ ಹೇಗಿದೆ ಅಂತ ಕೇಳುತ್ತೀರಿ. ಜಾಸ್ತಿ ಇದೆ! ಕಾಂಪೊನೆಂಟ್ ಸೆಟ್‌ನಲ್ಲಿ ವಾಲ್ಯೂಮ್ 22ಕ್ಕೆ ಇಡುತ್ತಿದ್ದೆ, ಈಗ 15 ಸಾಕು. ಕಾರಣ ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟ್ ಕೊಟ್ಟರೆ ಸ್ಪೀಕರ್ ಎಷ್ಟು ಡೆಸಿಬಲ್ ಸದ್ದು ಮಾಡುತ್ತದೆ ಅನ್ನುವ ಲೆಕ್ಕ. ಕಾಂಪೊನೆಂಟ್‌ನದ್ದು 87 ಇತ್ತು, ಇದರದ್ದು 92. 3 ಡೆಸಿಬಲ್ ಕಡಿಮೆ ಇದ್ದರೆ ಅಷ್ಟೇ ಸದ್ದಿಗೆ ಎರಡು ಪಟ್ಟು ಪವರ್ ಬೇಕು. 5 ಕಡಿಮೆ ಅಂದರೆ ಮೂರು ಪಟ್ಟಿಗೂ ಜಾಸ್ತಿ. ಸ್ಟೀರಿಯೋ ಮೇಲೆ 50 ವ್ಯಾಟ್ ಇಂಟು 4 ಅಂತ ಬರೆದಿದ್ದರೂ ಅದು ನಿಜವಾಗಿ ಒಂದು ಸ್ಪೀಕರ್‌ಗೆ ಸತತವಾಗಿ ಕೊಡುವುದು 15ರಿಂದ 20 ವ್ಯಾಟ್. ಪಾಪ, ಅದು ಎಲ್ಲಿಂದ ತರಬೇಕು? ಬಾಕ್ಸ್ ಮೇಲಿನ 300 ವ್ಯಾಟ್, 400 ವ್ಯಾಟ್ ಅನ್ನುವುದನ್ನು ಸುಮ್ನೆ ಬಿಟ್ಟುಬಿಡಿ. ಆರ್‌ಎಂಎಸ್ (ಸ್ಪೀಕರ್ ಸತತವಾಗಿ ತಡೆದುಕೊಳ್ಳುವ ಪವರ್) ಮತ್ತು ಸೆನ್ಸಿಟಿವಿಟಿ, ಎರಡೇ ನೋಡಿ.

ಉಳಿದ ದುಡ್ಡಲ್ಲಿ ಡ್ಯಾಂಪಿಂಗ್ ಶೀಟ್ (ತಗಡಿನ ಅದುರುವಿಕೆ ತಗ್ಗಿಸಲು ಅಂಟಿಸುವ ಹಾಳೆ) ತಂದು, ಡೋರ್ ಒಳ ತಗಡಿನ ದೊಡ್ಡ ಕಿಂಡಿಗಳನ್ನು ಮುಚ್ಚಿದೆ. ಕೋನ್‌ನ ಹಿಂದಿನಿಂದ ಹೊರಡುವ ಸದ್ದು ಆ ಕಿಂಡಿಗಳಿಂದ ಈಚೆ ಬಂದು ಮುಂದಿನ ಬೇಸ್ ಅನ್ನು ತಿಂದುಹಾಕುತ್ತದೆ. ಮುಚ್ಚಿದ ಮೇಲೆ ಅದೇ ಸ್ಪೀಕರ್‌ನಿಂದ ತಬಲಾದ ಎಡಗೈ ಪೆಟ್ಟು ಬೇರೆಯಾಗಿ ಕೇಳಿಸಿತು. ತಳದ ನೀರಿನ ತೂತು ಮಾತ್ರ ಮುಚ್ಚಬೇಡಿ.

ಹಿಂದಿನ ಟ್ರೇಗೆ ಹಾಕುವ 6x9 ಇಂಚಿನ ಓವಲ್, ಅಂದರೆ ಮೊಟ್ಟೆಯಾಕಾರದ ಸ್ಪೀಕರ್ ಅನ್ನೂ ಸ್ನೇಹಿತರಿಂದ ತಂದು ಒಂದು ವಾರ ಇಟ್ಟಿದ್ದೆ. ಬೇಸ್ ಭರ್ಜರಿ. ಆದರೆ ಹಾಡು ಬೆನ್ನ ಹಿಂದಿನಿಂದ ಬರುತ್ತದೆ, ನನಗೆ ಅದು ಒಗ್ಗಲಿಲ್ಲ. ಡಿಕ್ಕಿಗೆ ದೊಡ್ಡ ಸಾಮಾನು ಹಾಕುವಾಗಲೆಲ್ಲ ವೈರ್ ಸಮೇತ ಟ್ರೇ ಎತ್ತಿಡುವ ಕೆಲಸ ಬೇರೆ.

ಬೇಸ್ ಪೀಚಲು ಅನ್ನಿಸಿದರೆ ಬೈಯುವ ಮೊದಲು ಒಂದು ಕಡೆಯ ಪ್ಲಸ್-ಮೈನಸ್ ವೈರ್ ಅದಲುಬದಲಾಗಿದೆಯಾ ನೋಡಿ. ನನಗೂ ಆಗಿತ್ತು.

ನಾನು ಕಾರಲ್ಲಿ ಇರುವುದೇ ದಿನಕ್ಕೆ ಒಂದು ಗಂಟೆ. ಅದರಲ್ಲಿ ಅರ್ಧ ಸುದ್ದಿ, ಅರ್ಧ ಹಳೇ ಹಾಡು, ಕಿಟಕಿ ಯಾವಾಗಲೂ ತೆರೆದೇ ಇರುತ್ತದೆ. ಇಷ್ಟಕ್ಕೆ ಕೋ-ಆಕ್ಸಿಯಲ್ ಸಾಕೋ ಸಾಕು. ತಮ್ಮನ ಕಾರಿನ ಡೋರ್ ಆಳವಾಗಿದೆ, ಆಂಪ್ ಕೂಡ ಇದೆ. ಅದೇ ಕಾಂಪೊನೆಂಟ್ ಸೆಟ್ ಅಲ್ಲಿ ಎಷ್ಟು ಚೆನ್ನಾಗಿ ಹಾಡುತ್ತದೆ ಅಂದರೆ, ಅವನ ಪಕ್ಕ ಕೂತಾಗ ಸ್ವಲ್ಪ ಹೊಟ್ಟೆ ಉರಿಯುತ್ತದೆ. ಆಂಪ್‌ಗೆ ಎಷ್ಟಾಯಿತು ಅಂತ ಕೇಳಿದ ಮೇಲೆ ಅದೂ ತಣ್ಣಗಾಯಿತು.