ಲಾಸ್ ಏಂಜಲೀಸ್ ಕಾಡ್ಗಿಚ್ಚು, 2025: ಫೆಮಾ ನೆರವೋ, ಎಸ್‌ಬಿಎ ಸಾಲವೋ?
ಫೆಮಾ (ಅಮೆರಿಕ ಸರ್ಕಾರದ ವಿಪತ್ತು ನೆರವು ಸಂಸ್ಥೆ), ಎಸ್‌ಬಿಎ (ವಿಪತ್ತಿನಲ್ಲಿ ಮನೆಯವರಿಗೂ ಸಾಲ ಕೊಡುವ ಅಲ್ಲಿನ ಸಣ್ಣ ಉದ್ಯಮ ಸಂಸ್ಥೆ) ಎರಡಕ್ಕೂ ಅರ್ಜಿ ಹಾಕುವ ಗಡುವು 2025ರ ಮಾರ್ಚ್ 31ಕ್ಕೆ ಮುಗಿದಿದೆ. ನಿಯಮ ಹೀಗಿತ್ತು: ಮೊದಲು ವಿಮೆ ಕ್ಲೇಮ್ ಹಾಕಬೇಕಿತ್ತು. ವಿಮೆ ಭರಿಸಿದ ನಷ್ಟಕ್ಕೆ ಫೆಮಾ ಮತ್ತೆ ಹಣ ಕೊಡುವುದಿಲ್ಲ.

ಫೆಮಾ ಹಣ ಮರುಪಾವತಿಸಬೇಕಿಲ್ಲ. ಮಿತಿ: ವಸತಿಗೆ 43,600 ಡಾಲರ್, ಇತರ ಅಗತ್ಯಗಳಿಗೆ ಪ್ರತ್ಯೇಕವಾಗಿ ಅಷ್ಟೇ. ಅಲ್ಲಿ ಮನೆ ಕಟ್ಟಲು ಅದು ಏನೇನೂ ಸಾಲದು. ವಿಮೆಯ ಇತ್ಯರ್ಥ ಪತ್ರ (ವಿಮೆ ಕಂಪನಿ ಎಷ್ಟು ಕೊಟ್ಟಿತು ಎಂದು ತಿಳಿಸುವ ಪತ್ರ) ಲಗತ್ತಿಸದಿದ್ದರೆ ಅರ್ಜಿ ಎಡವಬಹುದು. ತಿರಸ್ಕಾರ ಪತ್ರದ ದಿನಾಂಕದಿಂದ 60 ದಿನದೊಳಗೆ ಆ ಇತ್ಯರ್ಥ ಪತ್ರ ಸೇರಿಸಿ ಮೇಲ್ಮನವಿ ಸಲ್ಲಿಸಬೇಕಿತ್ತು. ಎಚ್-1ಬಿ ವೀಸಾದ ಕನ್ನಡಿಗರಿಗೆ ಈ ನಗದು ನೇರವಾಗಿ ಸಿಗದು. ಜೊತೆಗಿರುವ ಮಗು ಅಮೆರಿಕದ ಪ್ರಜೆಯಾಗಿದ್ದರೆ ಅದರ ಹೆಸರಲ್ಲಿ ಅರ್ಜಿ ಹಾಕಬಹುದಿತ್ತು. ಬಹಳ ಮಂದಿ ಇದನ್ನು ಗಮನಿಸುವುದಿಲ್ಲ.

ಎಸ್‌ಬಿಎ ಕೊಡುವುದು ಸಾಲ: ಮನೆಗೆ 5 ಲಕ್ಷ, ಸಾಮಾನಿಗೆ 1 ಲಕ್ಷ ಡಾಲರ್‌ವರೆಗೆ, ಅವಧಿ ಗರಿಷ್ಠ 30 ವರ್ಷ. ಬಾಡಿಗೆದಾರರಿಗೆ ಸಾಮಾನಿನ ಸಾಲ ಮಾತ್ರ. ಸ್ವಂತ ಮನೆ ಪೂರ್ತಿ ಸುಟ್ಟವರು ಫೆಮಾ, ಎಸ್‌ಬಿಎ ಎರಡಕ್ಕೂ ಅರ್ಜಿ ಹಾಕುವುದೇ ಸರಿಯಾಗಿತ್ತು.