ಅವರೆ ಹೇನಿಗೆ ಯಾರು ಗತಿ: ಗುಲಗಂಜಿ ಹುಳವೋ, ಕ್ರೈಸೋಪರ್ಲಾನೋ, ಜೇಡವೋ?

ಅವರೆ ಕುಡಿ ಕಪ್ಪಗಾಗಿದೆ ಅಂದ್ರೆ ಕೋಲಾರದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗಿಡದ ರಸ ಹೀರೋ ಹೇನು ಹತ್ತಿದೆ. ಈ ಕರಿ ಹೇನಿಗೆ ಗಂಡಿನ ಹಂಗಿಲ್ಲ. ಹೆಣ್ಣೇ ನೇರವಾಗಿ ಮರಿ ಹಾಕುತ್ತೆ, ಆ ಮರಿ ಸುಮಾರು ಒಂದು ವಾರದಲ್ಲಿ ತಾನೂ ಮರಿ ಹಾಕೋಕೆ ಶುರು ಮಾಡುತ್ತೆ. ನಾಲ್ಕು ದಿನ ಹೊಲದ ಕಡೆ ಹೋಗದಿದ್ದರೆ ಹೂವಿನ ತೊಟ್ಟೇ ಕಾಣಲ್ಲ.

ನಮ್ಮದು ಮುಳಬಾಗಿಲು ತಾಲ್ಲೂಕು. ಅವರೆ ಕಾಲ ಬಂತು ಅಂದ್ರೆ ಮನೆಯಲ್ಲಿ ಮಗುವಿನಿಂದ ಅಜ್ಜಿಯವರೆಗೆ ಹಿತಕಿದ ಬೇಳೆ ಸಾರೇ ಊಟ. ಇವತ್ತು ಔಷಧಿ ಹೊಡೆದು ನಾಡಿದ್ದು ಅದೇ ಕಾಯಿ ಕಿತ್ತು ತಿನ್ನೋಕೆ ನನಗೆ ಮನಸ್ಸು ಬರಲಿಲ್ಲ. ಅದಕ್ಕೆ ಹೋದ ಸಲ ಮುಕ್ಕಾಲು ಎಕರೆಯನ್ನು ಹತ್ತತ್ತು ಗುಂಟೆಯ ಮೂರು ತಾಕು ಮಾಡಿದೆ. ಒಂದು ತಾಕು ಗುಲಗಂಜಿ ಹುಳಕ್ಕೆ, ಒಂದು ಕ್ರೈಸೋಪರ್ಲಾ ಅನ್ನೋ ಹಸಿರು ಹುಳಕ್ಕೆ, ಇನ್ನೊಂದು ಜೇಡಕ್ಕೆ. ಮೊದಲೇ ಹೇಳಿಬಿಡ್ತೀನಿ, ರೆಕ್ಕೆ ಇರೋ ಹುಳಕ್ಕೆ ನಮ್ಮ ಬದು ಲೆಕ್ಕಕ್ಕಿಲ್ಲ. ಅಲ್ಲಿಂದಿಲ್ಲಿಗೆ ಓಡಾಡೇ ಓಡಾಡ್ತವೆ. ಆದರೂ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿತ್ತು.

ಗುಲಗಂಜಿ ಹುಳಕ್ಕೆ ನಾನು ದುಡ್ಡು ಕೊಡಲಿಲ್ಲ. ನಮ್ಮ ತಾತನ ಕಾಲದ ಅಕ್ಕಡಿ ಸಾಲಿನ ಹಾಗೆ ಅವರೆ ಮಧ್ಯೆ ಹುಚ್ಚೆಳ್ಳು, ಅಂಚಿಗೆ ಅಲಸಂದೆ ಹಾಕಿದೆ. ಹೇನು ಮೊದಲು ಅಲಸಂದೆಗೆ ಹತ್ತಿತು. ಅದರ ಹಿಂದೆಯೇ ಗುಲಗಂಜಿ ಹುಳಗಳೂ ಬಂದವು. ಕೆಂಪು ಬೆನ್ನಿಗೆ ಏಳು ಚುಕ್ಕೆ ಇರೋದು, ಅಂಕುಡೊಂಕು ಪಟ್ಟೆ ಇರೋದು, ಎರಡೂ ಜಾತಿ. ಎಲೆ ಕೆಳಗೆ ಹಳದಿ ಮೊಟ್ಟೆಯ ಗುಂಪು. ಆದರೆ ಮರಿ ಮಾತ್ರ ತಾಯಿಯನ್ನು ಒಂದಿಷ್ಟೂ ಹೋಲಲ್ಲ. ಕಪ್ಪು ಮೈ, ಆರು ಕಾಲು, ಅಲ್ಲಲ್ಲಿ ಕಿತ್ತಳೆ ಮಚ್ಚೆ. ಒಂದು ಬೆಳಗ್ಗೆ ಅಮ್ಮ ಅವುಗಳನ್ನು ಹೊಸಕುತ್ತಾ ನಿಂತಿದ್ದರು. "ನೋಡಪ್ಪಾ, ಮೊಸಳೆ ಮರಿ ಥರ ಇದೆ. ಕುಡಿಯೆಲ್ಲಾ ತಿಂದುಬಿಡುತ್ತೆ" ಅಂದರು. ನನ್ನ ಎದೆ ಧಸಕ್ಕಂತು. ಹೇನು ತಿನ್ನೋದೇ ಆ ಮರಿ ಅಲ್ವಾ! ಬೆಳೆದು ದೊಡ್ಡದಾಗೋವರೆಗೆ ಒಂದೊಂದೂ ನೂರಾರು ಹೇನು ಮುಗಿಸುತ್ತೆ. ಅಮ್ಮನನ್ನು ಅಲ್ಲೇ ಕೂರಿಸಿ, ಆ ಹುಳದ ಮರಿ ಹೇನನ್ನು ಹಿಡಿದು ಹೀರೋದನ್ನು ತೋರಿಸಿದೆ. ಆಮೇಲೆ ಅವರೇ ಊರವರಿಗೆಲ್ಲಾ ಹೇಳ್ತಾ ಬಂದರು.

ಇನ್ನೊಂದು ಎಚ್ಚರ ಬೇಕು. ಬದನೆ, ಹಾಗಲದ ಎಲೆಯನ್ನು ಜಾಲರಿ ಮಾಡೋ ಹುಳವೂ ನೋಡೋಕೆ ಹೀಗೇ ಇರುತ್ತೆ. ಅದರ ಬೆನ್ನು ಮಿರುಗಲ್ಲ, ಸಣ್ಣ ಕೂದಲಿರುತ್ತೆ, ಚುಕ್ಕೆ ಜಾಸ್ತಿ. ಅದರ ಮರಿ ಹಳದಿ, ಮೈತುಂಬಾ ಮುಳ್ಳು. ಅದು ನಮ್ಮವನಲ್ಲ.

ಗುಲಗಂಜಿ ಹುಳದ ಕೊರತೆ ಏನಂದ್ರೆ, ಹೇನು ಬಂದ ಮೇಲೇ ಅದು ಬರೋದು. ಮಧ್ಯೆ ಹತ್ತು ಹನ್ನೆರಡು ದಿನ ಹೊಟ್ಟೆ ಹಿಡಿದುಕೊಂಡು ಕಾಯಬೇಕು. ಆ ದಿನಗಳಲ್ಲಿ ಸ್ಪ್ರೇಯರ್ ಮುಟ್ಟದೆ ಇರೋದೇ ಕಷ್ಟ.

ಕ್ರೈಸೋಪರ್ಲಾ ಮೊಟ್ಟೆಯನ್ನು ಬೆಂಗಳೂರಿನಿಂದ ತರಿಸಿದೆ. ತೆಳು ಹಸಿರು ಮೈ, ಬಲೆಯಂಥ ರೆಕ್ಕೆ, ರಾತ್ರಿ ದೀಪಕ್ಕೆ ಬರುತ್ತಲ್ಲಾ, ಅದೇ ಹುಳ. ದೊಡ್ಡದು ಮಕರಂದ, ಪರಾಗ ತಿಂದುಕೊಂಡಿರುತ್ತೆ. ಬೇಟೆಯೆಲ್ಲಾ ಮರಿಯದು. ಹೊಲದಲ್ಲಿ ತಾನೇ ಇಟ್ಟರೆ ಒಂದೊಂದು ಮೊಟ್ಟೆಯನ್ನೂ ಕೂದಲೆಳೆಯಂಥ ಕಡ್ಡಿಯ ತುದಿಯಲ್ಲಿ ಇಡುತ್ತೆ. ಕೊಂಡು ತಂದಿದ್ದಕ್ಕೆ ಆ ಕಡ್ಡಿ ಇರಲಿಲ್ಲ. ಕಾಗದದ ಮೇಲಿದ್ದ ಮೊಟ್ಟೆಯನ್ನು ಹಾಗೇ ಗಿಡಕ್ಕೆ ಸಿಕ್ಕಿಸಿ ಬಂದೆ. ಬೆಳಗ್ಗೆ ನೋಡಿದರೆ ಇರುವೆ ಸಾಲುಗಟ್ಟಿ ಹೊತ್ತುಕೊಂಡು ಹೋಗಿದ್ದವು. ಹೇನು ಬಿಡೋ ಸಿಹಿ ಅಂಟಿಗಾಗಿ ಇರುವೆ ಅಲ್ಲೇ ಕಾವಲಿರುತ್ತೆ ಅನ್ನೋದು ಗೊತ್ತಿದ್ದೂ ನಾನು ಯೋಚಿಸಿರಲಿಲ್ಲ. ಇಡೀ ಕಂತು ಹೋಯಿತು.

ಎರಡನೇ ಸಲ ಮನೆಯಲ್ಲೇ ಮರಿಯಾಗೋಕೆ ಬಿಟ್ಟೆ. ಅವತ್ತೇ ಸಂಜೆ, ಇರುವೆ ಸಾಲಿಲ್ಲದ ಕುಡಿಗಳನ್ನು ಹುಡುಕಿ, ಸಣ್ಣ ಕುಂಚದಿಂದ ಒಂದೊಂದಾಗಿ ಬಿಟ್ಟೆ. ತಡ ಮಾಡಿದರೆ ಒಂದನ್ನೊಂದು ತಿಂದುಬಿಡ್ತವೆ. ಈ ಸಲ ಕೆಲಸ ಆಯಿತು. ಮೂರು ತಾಕಿನಲ್ಲಿ ಎಲ್ಲಕ್ಕಿಂತ ಬೇಗ ಕುಡಿ ಹಸಿರಾಗಿದ್ದು ಇಲ್ಲೇ. ಆದರೆ ದುಡ್ಡು ಖರ್ಚಾಗಿದ್ದೂ, ಬೆನ್ನು ನೋವು ಬಂದಿದ್ದೂ ಇಲ್ಲೇ.

ಜೇಡಕ್ಕೆ ಮಾಡಿದ್ದು ಒಂದೇ, ಸಾಲಿನ ನಡುವೆ ರಾಗಿ ಹುಲ್ಲು ಹರಡಿದ್ದು. ನೆರಳು, ತೇವ ಸಿಕ್ಕಿ ನೆಲದಲ್ಲಿ ಓಡಾಡೋ ತೋಳ ಜೇಡಗಳು ಸೇರಿಕೊಂಡವು. ಇವು ಬಲೆ ಕಟ್ಟಲ್ಲ, ಓಡಿ ಹಿಡೀತವೆ. ತಾಯಿ ಮೊಟ್ಟೆ ಚೀಲವನ್ನು ಹಿಂದೆ ಅಂಟಿಸಿಕೊಂಡು, ಆಮೇಲೆ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗೋದನ್ನು ನೋಡ್ತಾ ಎಷ್ಟೋ ಹೊತ್ತು ಕೂತಿದ್ದೀನಿ. ಹೇನಿನ ವಿಷಯದಲ್ಲಿ ಮಾತ್ರ ಜೇಡ ಹಿಂದೆ. ಕುಡಿಗಂಟಿದ ಹೇನಿನ ರಾಶಿಯನ್ನು ಅದು ಖಾಲಿ ಮಾಡಲಿಲ್ಲ. ಆದರೆ ಜಿಗಿಹುಳು, ಸಣ್ಣ ಪತಂಗ ಆ ತಾಕಿನಲ್ಲಿ ಕಮ್ಮಿ ಇದ್ದವು. ಹೇನು ಮುಗಿದಾಗ ಗುಲಗಂಜಿ ಹುಳ ಹಾರಿಹೋಯಿತು. ಜೇಡ ಕೊನೆ ಕೊಯ್ಲಿನವರೆಗೂ ಅಲ್ಲೇ ಇತ್ತು. ಏನು ಸಿಕ್ಕರೂ ತಿನ್ನೋದರಿಂದ ಒಳ್ಳೆ ಹುಳವನ್ನೂ ಹಿಡಿಯುತ್ತೆ, ಅದನ್ನು ಒಪ್ಪಿಕೊಳ್ಳಬೇಕು.

ಒಂದನ್ನೇ ಆರಿಸು ಅಂದ್ರೆ ನಾನು ಗುಲಗಂಜಿ ಹುಳ ಅಂತೀನಿ. ಹೇನು ಕೈಮೀರಿ ಹೋಗಿ ಕಾಯೋಕೆ ಟೈಮ್ ಇಲ್ಲದಿದ್ದರೆ ಮಾತ್ರ ಕ್ರೈಸೋಪರ್ಲಾ, ಅದೂ ಮೊಟ್ಟೆಯಲ್ಲ, ಮರಿ. ರಾಗಿ ಹುಲ್ಲು ಮಿಕ್ಕಿದ್ದರೆ ಸುಮ್ನೆ ಹರಡಿ. ತೇವ ಉಳಿದಿದ್ದೇ ಲಾಭ, ಜೇಡವೂ ಬರುತ್ತೆ.

ಕಾಯಿಯೊಳಗೆ ಹೊಕ್ಕ ಕೊರಕ ಹುಳವನ್ನು ಈ ಮೂವರಲ್ಲಿ ಯಾರೂ ಮುಟ್ಟಲಿಲ್ಲ. ಅದನ್ನು ಅವರೆಕಾಯಿ ಸುಲಿಯುವಾಗ ಅಮ್ಮ, ಅಜ್ಜಿ ಕೂತು ಆರಿಸಿ ತೆಗೆದರು. ಈ ಸಲ ಮೂರೂ ತಾಕಿಗೆ ಹುಚ್ಚೆಳ್ಳು ಹಾಕ್ತಿದ್ದೀವಿ. ಬೀಜ ಕಟ್ಟಿಟ್ಟಿದ್ದು ಅಮ್ಮನೇ.